ದೇವಿಮನೆ ಘಟ್ಟಕ್ಕಾಗಿ ಹಳೇ ಮಾರುತಿ 800ರ ಸಸ್ಪೆನ್ಶನ್ ಕೆಲಸ

ಶಿರಸಿಯಿಂದ ಕುಮಟೆಗೆ ಇಳಿಯುವಾಗ ದೇವಿಮನೆ ದಾಟಿದ ಮೇಲೆ ಒಂದರ ಬೆನ್ನಿಗೆ ಒಂದು ತಿರುವು. ಎಡಕ್ಕೆ ತಿರುಗಿಸಿ ಮುಗಿಯುವ ಮೊದಲೇ ಬಲಕ್ಕೆ ತಿರುಗಿಸಬೇಕು. ನನ್ನ 2004ರ ಮಾರುತಿ 800 ಅಲ್ಲಿ ಪ್ರತಿ ತಿರುವಿಗೂ ಎರಡು ಸಲ ವಾಲುತ್ತಿತ್ತು. ಸ್ಟೇರಿಂಗ್ ತಿರುಗಿಸಿದ ಕೂಡಲೇ ಒಂದು ಸಲ. ಅರ್ಧ ಕ್ಷಣ ಬಿಟ್ಟು, ಹಿಂದಿನಿಂದ ಯಾರೋ ಸೊಂಟ ಹಿಡಿದು ದೂಡಿದ ಹಾಗೆ ಇನ್ನೊಂದು ಸಲ. ಹಿಂದಿನ ಸೀಟಿನಲ್ಲಿ ಆಯಿ ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿ ಕೂರುತ್ತಿದ್ದಳು. ಕತಗಾಲ ಬರುವಷ್ಟರಲ್ಲಿ ಒಮ್ಮೆಯಾದರೂ ಕಾರು ನಿಲ್ಲಿಸಲೇಬೇಕಿತ್ತು. ಕುಮಟೆಯ ತಂಗಿ ಮನೆಗೆ ಹೋಗೋಣ ಅಂದರೆ ಆಯಿ ಬಸ್ಸಿನಲ್ಲೇ ಬರ್ತೇನೆ ಎನ್ನತೊಡಗಿದಳು.

ಬ್ರೇಕ್ ಹಾಕಿದಾಗ ಕಾರು ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಹಂಪ್ ದಾಟುವಾಗ ಮುಂದಿನಿಂದ ಕಟ್ ಕಟ್ ಸದ್ದು. ಮಳೆಗಾಲದಲ್ಲಿ ಘಟ್ಟದಲ್ಲಿ ಎದುರು ಲಾರಿ ಬಂದಾಗ ಅಂಚಿಗೆ ಇಳಿಸಿ ಮತ್ತೆ ಮೇಲೆ ಹತ್ತಿಸುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅಡಿಕೆ ಕೊನೆಕೊಯ್ಲು ಮುಗಿದು ಅಂಗಳ ಖಾಲಿಯಾದ ಏಪ್ರಿಲ್‌ನಲ್ಲಿ, ಮಳೆ ಶುರುವಾಗುವ ಮೊದಲು ಸಸ್ಪೆನ್ಶನ್, ಅಂದರೆ ಚಕ್ರಗಳನ್ನು ಬಾಡಿಗೆ ಜೋಡಿಸಿ ಕುಲುಕು ತಡೆಯುವ ಭಾಗ, ಸರಿ ಮಾಡಿಯೇ ಬಿಡಬೇಕು ಎಂದು ಕೂತೆ.

ಮೊದಲು ಬಂದ ಸಲಹೆ, ಸ್ಪ್ರಿಂಗ್ ಕತ್ತರಿಸಿ ಕಾರು ಕೆಳಗೆ ಇಳಿಸು ಎಂಬುದು. ನೋಡಲು ಚೆಂದ, ತಿರುವಿನಲ್ಲಿ ವಾಲುವುದಿಲ್ಲ ಎಂದು ಹೇಳುವವರು ಸುಮಾರು ಜನ ಇದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಕಾರಣ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸುಮಾರು ಹುಡುಗರು ಇಲ್ಲೇ ಎಡವುತ್ತಾರೆ.

ಕಾರಿನ ಭಾರ ಒಂದು ಎತ್ತರದಲ್ಲಿ ಇರುತ್ತದೆ. ಕಾರು ವಾಲುವುದು ಅದಕ್ಕಿಂತ ಕೆಳಗಿನ ಒಂದು ಬಿಂದುವಿನ ಸುತ್ತ. ಮುಂದಿನ ಚಕ್ರಗಳ ಲೆಕ್ಕದಲ್ಲಿ ಆ ಬಿಂದು ಎಲ್ಲಿರುತ್ತದೆ ಎಂಬುದು ಲೋವರ್ ಆರ್ಮ್, ಅಂದರೆ ಚಕ್ರವನ್ನು ಕೆಳಗಿನಿಂದ ಬಾಡಿಗೆ ಜೋಡಿಸುವ ಪಟ್ಟಿ, ಎಷ್ಟು ಓರೆಯಾಗಿದೆ ಎಂಬುದನ್ನು ಅವಲಂಬಿಸಿದೆ. ಸ್ಪ್ರಿಂಗ್ ಕತ್ತರಿಸಿ ಎರಡು ಇಂಚು ಇಳಿಸಿದರೆ ಭಾರವೂ ಎರಡು ಇಂಚು ಇಳಿಯುತ್ತದೆ, ಸರಿ. ಆದರೆ 800ರ ಮುಂದಿರುವಂಥ, ಸ್ಪ್ರಿಂಗ್ ಮತ್ತು ಅದರ ಕುಣಿತ ತಡೆಯುವ ಶಾಕಪ್ ಒಂದೇ ಕಂಬದಲ್ಲಿ ಸೇರಿರುವ ಸ್ಟ್ರಟ್ ಸಸ್ಪೆನ್ಶನ್‌ನಲ್ಲಿ ಆ ಬಿಂದು ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಭಾರಕ್ಕೂ ಬಿಂದುವಿಗೂ ನಡುವಿನ ದೂರ ಹೆಚ್ಚಾಗುತ್ತದೆ. ಹಾರೆ ಉದ್ದವಾದಷ್ಟೂ ಕಲ್ಲು ಸುಲಭವಾಗಿ ಏಳುತ್ತದೆ ಅಲ್ವಾ, ಹಾಗೆಯೇ ಕಾರು ಸುಲಭವಾಗಿ ವಾಲುತ್ತದೆ. ಕತ್ತರಿಸಿದ ಸ್ಪ್ರಿಂಗ್ ಸ್ವಲ್ಪ ಗಟ್ಟಿಯಾಗುವುದು ನಿಜ. ಆದರೆ ಆ ಲಾಭ ಇಲ್ಲಿ ಕರಗಿ ಹೋಗುತ್ತದೆ. ಅದರ ಮೇಲೆ ಚಕ್ರಕ್ಕೆ ಮೇಲೆದ್ದು ಕೆಳಗಿಳಿಯಲು ಜಾಗ ಕಡಿಮೆ. ಹೊಂಡಕ್ಕೆ ಬಿದ್ದ ಕೂಡಲೇ, ಚಕ್ರ ಮೇಲೇರುವುದನ್ನು ಕೊನೆಗೆ ತಡೆಯುವ ರಬ್ಬರಾದ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ. ಬಡಿದ ಕ್ಷಣ ಆ ಟೈರಿನ ಹಿಡಿತ ಹೋಯಿತು ಎಂದೇ ಲೆಕ್ಕ. 800ರ ಹೊಟ್ಟೆ ನೆಲದಿಂದ 170 ಮಿಲಿಮೀಟರ್ ಎತ್ತರದಲ್ಲಿದೆ. ನಮ್ಮ ತೋಟದ ದಾರಿಗೆ ಅಷ್ಟೂ ಬೇಕು.

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಆಗಬೇಕು. ಆಗ ಪರೀಕ್ಷೆಗೆ ಕಾರು ನಿಲ್ಲಿಸಬೇಕು. ಅಲ್ಲಿ ಸ್ಪ್ರಿಂಗ್ ಕತ್ತರಿಸಿದ ಕಾರು ಇಟ್ಟುಕೊಂಡು ನಿಲ್ಲುವ ಇಷ್ಟ ನನಗಿರಲಿಲ್ಲ.

ಶಿರಸಿಯ ನನ್ನ ಮೆಕ್ಯಾನಿಕ್ ಅಣ್ಣ ಕಾರಿನ ಕೆಳಗೆ ನುಗ್ಗಿ ಐದು ನಿಮಿಷ ನೋಡಿದರು. ಲೋವರ್ ಆರ್ಮ್ ಬುಡಕ್ಕೆ ಸಣ್ಣ ಸಬ್ಬಲ್ ಹಾಕಿ ಮೀಟಿ ತೋರಿಸಿದರು. ಆರ್ಮ್ ಬೆರಳಗಲ ಆಚೀಚೆ ಹೋಗುತ್ತಿತ್ತು. ಅದರ ಬುಡದ ಬುಷ್, ಅಂದರೆ ಕೀಲಿನ ರಬ್ಬರ್, ಸವೆದಿತ್ತು. ನಾನು ಗ್ಯಾಸ್ ಶಾಕಪ್ ಮಾತ್ರ ಹಾಕೋಣ ಎಂದಿದ್ದೆ. "ಮಾರಾಯ್ರೇ, ಬುಷ್ ಬಿಟ್ಟು ಶಾಕಪ್ ಮಾತ್ರ ಹಾಕಿದ್ರೆ ಹಳೇ ವಸಡಿಗೆ ಹೊಸ ಹಲ್ಲು ಕಟ್ಟಿಸಿದ ಹಾಗೆ" ಅಂದರು. ನನ್ನ ಇಡೀ ಕೆಲಸದ ದಿಕ್ಕು ಬದಲಾದದ್ದು ಆ ಒಂದು ಮಾತಿನಿಂದ. ಹಳೇ ಸಣ್ಣ ಕಾರಿನ ಹ್ಯಾಂಡ್ಲಿಂಗ್ ಹಾಳಾಗುವುದು ರಬ್ಬರಿನಿಂದ, ಸರಿಯಾಗಬೇಕಾದದ್ದೂ ರಬ್ಬರಿನಿಂದಲೇ. ಶಾಕಪ್, ಸ್ಪ್ರಿಂಗ್, ಟೈರ್ ಎಲ್ಲ ಆಮೇಲೆ.

800ರಲ್ಲಿ ಇದು ಇನ್ನೂ ಜಾಸ್ತಿ ನಿಜ. ಮುಂದಿನ ಲೋವರ್ ಆರ್ಮ್ ಒಂಟಿ ಪಟ್ಟಿ. ಒಳಗಡೆ ಒಂದು ಬುಷ್, ಹೊರಗಡೆ ಎಲ್ಲ ದಿಕ್ಕಿಗೂ ತಿರುಗುವ ಬಾಲ್ ಜಾಯಿಂಟ್. ಅದು ಹಿಂದೆ ಮುಂದೆ ಹೋಗದಂತೆ ಹಿಡಿಯುವುದು ಸ್ಟೆಬಿಲೈಸರ್ ಬಾರ್. ಅಂದರೆ ಒಂದೇ ಸರಳಿಗೆ ಎರಡು ಕೆಲಸ. ತಿರುವಿನಲ್ಲಿ ವಾಲುವುದನ್ನು ತಡೆಯಬೇಕು, ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಸರಿಯದಂತೆ ಹಿಡಿಯಲೂ ಬೇಕು. ಅದರ ತುದಿಯ ಬುಷ್ ಸವೆದರೆ ಬ್ರೇಕ್ ಒತ್ತಿದ ಕೂಡಲೇ ಆ ಬದಿಯ ಚಕ್ರ ಹಿಂದೆ ಸರಿಯುತ್ತದೆ, ಕೋನ ಬದಲಾಗುತ್ತದೆ, ಕಾರು ಎಳೆಯುತ್ತದೆ. ನಾನು ಒಂದು ವರ್ಷ ಬ್ರೇಕ್ ಪ್ಯಾಡ್ ಮೇಲೆ ಅನುಮಾನ ಪಟ್ಟಿದ್ದೆ. ತೊಂದರೆ ಇದ್ದದ್ದು ಎಡಗಡೆಯ ಈ ಬುಷ್‌ನಲ್ಲಿ. ಬಿಚ್ಚಿದಾಗ ಅದರ ರಬ್ಬರ್ ಹಳೇ ಬೆಲ್ಲದ ಹಾಗೆ ಕೈಯಲ್ಲಿ ಪುಡಿಯಾಯಿತು.

ಸಾಮಾನು ತಂದದ್ದು ಇಷ್ಟು: ಮುಂದಿನ ಎರಡು ಸ್ಟ್ರಟ್, ಅವುಗಳ ಮೇಲಿನ ಮೌಂಟ್ ಮತ್ತು ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ರಬ್ಬರ್, ಬಾಲ್ ಜಾಯಿಂಟ್ ಸಹಿತ ಲೋವರ್ ಆರ್ಮ್ ಎರಡು, ಸ್ಟೆಬಿಲೈಸರ್ ಬಾರಿನ ಎಲ್ಲ ಬುಷ್, ಹಿಂದಿನ ಎರಡು ಗ್ಯಾಸ್ ಶಾಕಪ್, ಹಿಂದಿನ ಸ್ಪ್ರಿಂಗ್ ಜೋಡಿ, ಹಿಂದಿನ ಎರಡು ಚಕ್ರ ಸೇರಿಸುವ ಆಕ್ಸಲನ್ನು ಹಿಡಿಯುವ ಟ್ರೇಲಿಂಗ್ ಆರ್ಮ್ ಮತ್ತು ಲ್ಯಾಟರಲ್ ರಾಡ್ ಬುಷ್. ಎಲ್ಲವೂ ಮೂಲ ಅಳತೆಯದ್ದೇ. ಮಾರುತಿ 800 ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. 2014ರ ಜನವರಿಯಲ್ಲಿ ತಯಾರಿಕೆ ನಿಂತರೂ ಬಿಡಿಭಾಗ ಈಗಲೂ ಸಿಗುತ್ತದೆ. ಪಾಲಿಯುರೇಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ ಹಾಕು ಎಂದೂ ಕೆಲವರು ಹೇಳಿದರು. ಅದು ಗಟ್ಟಿ, ಬಾಳಿಕೆ ಚೆನ್ನಾಗಿದೆ. ಆದರೆ ಹಿಂದಿನ ಟ್ರೇಲಿಂಗ್ ಆರ್ಮ್ ಮೇಲೆ ಕೆಳಗೆ ಆಡುವುದು ಮಾತ್ರವಲ್ಲ, ಒಂದು ಚಕ್ರ ಎದ್ದಾಗ ತಿರುಚಿಕೊಳ್ಳಲೂ ಬೇಕು. ರಬ್ಬರ್ ಅದಕ್ಕೆ ಒಗ್ಗುತ್ತದೆ. ಸುಮಾರು 650 ಕಿಲೊ ತೂಕದ ಕಾರಿಗೆ ಅದಕ್ಕಿಂತ ಗಟ್ಟಿ ಬುಷ್ ಬೇಡ ಎಂದು ತೀರ್ಮಾನಿಸಿದೆ. ಟೈರ್ ಬಿಟ್ಟು ಹದಿನೈದು ಸಾವಿರದೊಳಗೆ ಮುಗಿಯಿತು. ಅದರಲ್ಲಿ ಬುಷ್‌ಗಳ ಪಾಲು ತೀರಾ ಕಡಿಮೆ. ದುಡ್ಡು ಶಾಕಪ್‌ಗೆ, ಬೆವರು ಬುಷ್‌ಗೆ.

ಹಿಂದಿನ ಸ್ಪ್ರಿಂಗ್ ಪಟ್ಟಿಗೆ ಸೇರಿದ್ದು ಅಳತೆ ಮಾಡಿದ ಮೇಲೆ. ಬಿಚ್ಚುವ ಮೊದಲು ಸಮತಟ್ಟು ಅಂಗಳದಲ್ಲಿ ಕಾರು ನಿಲ್ಲಿಸಿ ಪ್ರತಿ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಟೇಪು ಹಿಡಿದೆ. ಹಿಂದಿನ ಎಡ ಬದಿ ಬಲಕ್ಕಿಂತ 12 ಮಿಲಿಮೀಟರ್ ಕೂತಿತ್ತು. ವರ್ಷಗಟ್ಟಲೆ ಅಡಿಕೆ ಚೀಲವನ್ನು ಒಂದೇ ಬದಿಗೆ ಹಾಕಿ ಸೊಸೈಟಿಗೆ ಒಯ್ದದ್ದರ ಫಲ. ಇಂಥ ಕೆಲಸ ಮಾಡುವವರು ಈ ಅಳತೆ ಬರೆದಿಟ್ಟುಕೊಳ್ಳಿ. ನನಗೆ ಆಮೇಲೆ ಇದೇ ಕಾಗದ ತಪ್ಪು ತೋರಿಸಿಕೊಟ್ಟಿತು.

ಜಾಕ್ ಬಗ್ಗೆ ಒಂದು ಮಾತು. ನಮ್ಮ ಕಡೆ ಯಾವುದಕ್ಕೂ ಚಿರೆಕಲ್ಲು ಕೊಡುವ ರೂಢಿ. ಮನೆ ಕಟ್ಟಲು ಒಳ್ಳೆಯದು, ಕಾರಿನ ಕೆಳಗೆ ಬೇಡವೇ ಬೇಡ. ಒಂದೇ ಜಾಗಕ್ಕೆ ಭಾರ ಬಿದ್ದರೆ ಅದು ಮುನ್ಸೂಚನೆ ಇಲ್ಲದೆ ಒಡೆಯುತ್ತದೆ. ಗ್ಯಾರೇಜಿನಿಂದ ಎರಡು ಕಬ್ಬಿಣದ ಸ್ಟ್ಯಾಂಡ್ ತಂದೆ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗಿನ ಅಂಚಿಗೆ ಅಡ್ಡ ಮಲಗಿಸಿದೆ. ಹಿಂದಿನ ಚಕ್ರಗಳಿಗೆ ಮರದ ಕೊರಡು ಕೊಟ್ಟೆ.

ಮುಂಭಾಗದ ಕೆಲಸ ಒಂದು ದಿನದಲ್ಲಿ ಮುಗಿಯಿತು. ಬ್ರೇಕ್ ಹೋಸ್‌ನ ಕ್ಲಿಪ್ ಸ್ಟ್ರಟ್‌ನಿಂದ ಮೊದಲು ಬಿಡಿಸಬೇಕು. ಇಲ್ಲದಿದ್ದರೆ ಸ್ಟ್ರಟ್ ಹೊರಬಂದಾಗ ಚಕ್ರ ಕೂರುವ ಇಡೀ ಹಬ್‌ನ ಭಾರ ಹೋಸಿನ ಮೇಲೆ ಬೀಳುತ್ತದೆ. ಹಬ್ಬನ್ನು ತಂತಿಯಲ್ಲಿ ಕಟ್ಟಿ ನಿಲ್ಲಿಸಿದೆ. ಸ್ಪ್ರಿಂಗ್ ಬಿಡಿಸುವ ಕೆಲಸ ಮಾತ್ರ ಮನೆಯಲ್ಲಿ ಮಾಡಲಿಲ್ಲ. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ದವಡೆ ಮುರಿಯುತ್ತದೆ. ಎರಡೂ ಸ್ಟ್ರಟ್ ಚೀಲದಲ್ಲಿ ಹಾಕಿಕೊಂಡು ಗ್ಯಾರೇಜಿಗೆ ಹೋದೆ. ಅಲ್ಲಿ ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇದೆ. ಮೇಲಿನ ನಟ್ಟು ಬಿಗಿಯುವಾಗ ಶಾಕಪ್‌ನ ಹೊಳೆಯುವ ರಾಡ್ ತಿರುಗುತ್ತದೆ. ಅದನ್ನು ಇಕ್ಕಳದಲ್ಲಿ ಹಿಡಿಯಬೇಡಿ. ಕೂದಲೆಳೆಯಷ್ಟು ಗೀರು ಬಿದ್ದರೂ ಅದು ಒಳಗೆ ಹೊರಗೆ ಹೋಗುವಾಗ ಸೀಲ್ ಹರಿಯುತ್ತದೆ, ಎಣ್ಣೆ ಸೋರುತ್ತದೆ. ತುದಿಯನ್ನೇ ಹಿಡಿದು ಬಿಗಿಯಬೇಕು.

ಇನ್ನೊಂದು ಚಿಕ್ಕ ವಿಷಯ. ಅಂಗಡಿಯಲ್ಲಿ ಶಾಕಪ್ ಅಡ್ಡ ಮಲಗಿರುತ್ತದೆ. ಆಗ ಒಳಗಿನ ಗ್ಯಾಸ್ ಎಣ್ಣೆಯ ಜಾಗಕ್ಕೆ ಸೇರಿರಬಹುದು. ಕೂರಿಸುವ ಮೊದಲು ನೆಟ್ಟಗೆ ಹಿಡಿದು ಪೂರ್ತಿ ಒತ್ತಿ, ಪೂರ್ತಿ ಎಳೆದು, ನಾಲ್ಕೈದು ಸಲ ಮಾಡಬೇಕು. ಮೊದಲ ಎರಡು ಸಲ ಮಧ್ಯದಲ್ಲಿ ಪೊಳ್ಳು ಸಿಕ್ಕಿದ ಹಾಗೆ ಕೈಗೆ ತಿಳಿಯಿತು. ಆಮೇಲೆ ಉದ್ದಕ್ಕೂ ಒಂದೇ ಹದ ಬಂತು. ಮೇಲಿನ ಬೇರಿಂಗನ್ನು ಹಳೆಯದರ ಜೊತೆ ಹೋಲಿಸಿ ನೋಡಿದೆ. ಹಳೆಯದು ಮರಳು ತುಂಬಿದ ಹಾಗೆ ಗರಗರ ಎನ್ನುತ್ತಿತ್ತು. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರದಿದ್ದದ್ದು ಇದರಿಂದಲೇ.

ಹಿಂಭಾಗದ ಕೆಲಸಕ್ಕೆ ಮೂರು ದಿನ ಹಿಡಿಯಿತು. ಅದಕ್ಕೆ ಕಾರಣ ಒಂದೇ ಬೋಲ್ಟು.

ಈ ಕಾರು ಮೊದಲು ಕಾರವಾರದಲ್ಲಿತ್ತು, ಸಮುದ್ರಕ್ಕೆ ತೀರಾ ಹತ್ತಿರದ ಮನೆಯಲ್ಲಿ. ಉಪ್ಪಿನ ಗಾಳಿ ಬಾಡಿಗಿಂತ ಮೊದಲು ತಿನ್ನುವುದು ಕೆಳಗಿನ ಇಂಥ ಬೋಲ್ಟುಗಳನ್ನು. 800ರ ಹಿಂದೆ ಇರುವುದು ಗಟ್ಟಿ ಆಕ್ಸಲ್. ಎರಡು ಟ್ರೇಲಿಂಗ್ ಆರ್ಮ್ ಅದನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುತ್ತವೆ. ಅಡ್ಡಕ್ಕೆ ಒಂದು ಲ್ಯಾಟರಲ್ ರಾಡ್ ಇದೆ. ಒಂದು ತುದಿ ಆಕ್ಸಲ್‌ಗೆ, ಇನ್ನೊಂದು ಬಾಡಿಗೆ. ಆ ರಾಡಿನ ಬುಷ್ ಹೋದರೆ ಇಡೀ ಆಕ್ಸಲ್ ಬಾಡಿಯ ಕೆಳಗೆ ಅಡ್ಡಕ್ಕೆ ಸರಿದಾಡುತ್ತದೆ. ಎರಡನೇ ಸಲ ವಾಲುತ್ತಿತ್ತು ಎಂದೆನಲ್ಲ, ಸೊಂಟ ದೂಡಿದ ಹಾಗೆ, ಅದು ಇದೇ. ರಾಡಿನ ಬುಷ್ ಸಲೀಸಾಗಿ ಬಂತು. ಬಾರದೇ ಉಳಿದದ್ದು ಎಡಗಡೆ ಟ್ರೇಲಿಂಗ್ ಆರ್ಮ್‌ನ ಮುಂದಿನ ಬೋಲ್ಟು.

ನಟ್ಟು ಬಂತು. ಬೋಲ್ಟು ತಿರುಗಿತು ಕೂಡ. ಆದರೆ ಅದರ ಜೊತೆಗೆ ಬುಷ್‌ನ ಒಳಗಿನ ಕಬ್ಬಿಣದ ಕೊಳವೆಯೂ ತಿರುಗಿತು. ತುಕ್ಕು ಹಿಡಿದು ಎರಡೂ ಒಂದೇ ಆಗಿದ್ದವು. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಹಿತ್ತಾಳೆಯ ತುಂಡು ಇಟ್ಟು ಸುತ್ತಿಗೆಯಲ್ಲಿ ಬಡಿದೆ. ಅಲ್ಲಾಡಲಿಲ್ಲ. ಇನ್ನೊಂದು ರಾತ್ರಿ. ಮತ್ತೆ ಅದೇ. ಗ್ಯಾಸ್ ಬೆಂಕಿಯಿಂದ ಕಾಯಿಸಿದರೆ ಬಿಡುತ್ತದೆ ಎಂದು ಪಕ್ಕದ ಮನೆಯ ಭಾವ ಹೇಳಿದ. ಅದು ಆಗುವ ಮಾತಲ್ಲ. ಪೆಟ್ರೋಲ್ ಟ್ಯಾಂಕ್ ಹಿಂದೆಯೇ ಇದೆ, ಬ್ರೇಕ್ ಪೈಪ್ ಪಕ್ಕದಲ್ಲೇ ಹಾದುಹೋಗುತ್ತದೆ.

ಕೊನೆಗೆ ಹ್ಯಾಕ್ಸಾ ಬ್ಲೇಡು. ಚೌಕಟ್ಟು ಹಿಡಿಸುವ ಜಾಗ ಇರಲಿಲ್ಲ. ಬರೀ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಕೈಯಲ್ಲಿ ಹಿಡಿದೆ. ಬ್ರಾಕೆಟ್ಟಿಗೂ ಬುಷ್‌ಗೂ ನಡುವೆ ಎರಡು ಮಿಲಿಮೀಟರ್ ಸಂದು. ಅಲ್ಲಿ ಬ್ಲೇಡು ತೂರಿಸಿ ಬೋಲ್ಟನ್ನೇ ಕೊಯ್ಯಬೇಕು. ಬ್ಲೇಡು ಜಾರಿದರೆ ಬ್ರೇಕ್ ಪೈಪಿಗೆ ತಾಗುತ್ತದೆ ಎಂಬ ಹೆದರಿಕೆ. ಅಡಿಕೆ ಹಾಳೆ ಒಂದನ್ನು ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ, ಪೈಪಿನ ಸುತ್ತ ಮಡಚಿ ಕಟ್ಟಿದೆ. ಹಾಳೆ ಎಷ್ಟು ಗಟ್ಟಿ ಎಂದು ನಮಗೆ ಗೊತ್ತೇ ಇದೆ. ಎರಡು ಸಲ ಬ್ಲೇಡು ಜಾರಿತು. ಹಾಳೆಗೆ ಗೀರು ಬಿತ್ತು, ಪೈಪಿಗೆ ಏನೂ ಆಗಲಿಲ್ಲ. ಬೆನ್ನಿನ ಮೇಲೆ ಮಲಗಿ, ಕಣ್ಣಿಗೆ ತುಕ್ಕಿನ ಪುಡಿ ಬೀಳದಂತೆ ಕನ್ನಡಕ ಹಾಕಿ, ಒಂದೊಂದು ಬದಿ ಒಂದೂವರೆ ಗಂಟೆ ಕೊಯ್ದೆ. ನಾಲ್ಕು ಬ್ಲೇಡು ಸವೆದವು. ಆರ್ಮ್ ಕೆಳಗೆ ಬಿದ್ದಾಗ ಸಂಜೆ ಆರು ದಾಟಿತ್ತು.

ಬ್ರಾಕೆಟ್ ಒಳಗೆ ತುಕ್ಕು ಇತ್ತು, ಆದರೆ ತಗಡು ಗಟ್ಟಿಯಾಗಿತ್ತು. ತಂತಿ ಬ್ರಷ್‌ನಿಂದ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಮೇಲೆ ಕಪ್ಪು ಪೇಂಟ್ ಕೊಟ್ಟೆ. ಕರಾವಳಿಯ ಕಾರು ಕೊಳ್ಳುವವರು ಈ ಬ್ರಾಕೆಟ್ಟನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಲೇಬೇಕು. ಚುಚ್ಚಿ ಒಳಗೆ ಹೋದರೆ ಆ ಕಾರು ಬೇಡ. ಹೊಸ ಬೋಲ್ಟಿನ ನುಣುಪು ಭಾಗಕ್ಕೆ, ಅಂದರೆ ಕೊಳವೆಯೊಳಗೆ ಕೂರುವ ಭಾಗಕ್ಕೆ, ತೆಳ್ಳಗೆ ಗ್ರೀಸ್ ಸವರಿದೆ. ಥ್ರೆಡ್ಡಿಗೆ ಹಚ್ಚಲಿಲ್ಲ. ಹತ್ತು ವರ್ಷದ ನಂತರ ಬಿಚ್ಚುವವರಿಗೆ ಈ ಕಷ್ಟ ಬರಬಾರದು.

ಹಿಂದಿನ ಶಾಕಪ್ ಬಿಚ್ಚುವ ಮೊದಲು ಆಕ್ಸಲ್ ಕೆಳಗೆ ಜಾಕ್ ಕೊಟ್ಟಿರಬೇಕು. ಆಕ್ಸಲ್ ತೀರಾ ಕೆಳಗೆ ಇಳಿಯದಂತೆ ಹಿಡಿದಿರುವುದೇ ಆ ಶಾಕಪ್. ಜಾಕ್ ನಿಧಾನ ಇಳಿಸಿದರೆ ಸ್ಪ್ರಿಂಗ್ ತಾನಾಗಿ ಸಡಿಲವಾಗಿ ಕೈಗೆ ಬರುತ್ತದೆ. ಹೊಸದನ್ನು ಕೂರಿಸುವಾಗ ಸ್ಪ್ರಿಂಗಿನ ತುದಿ ಸೀಟಿನ ಮೆಟ್ಟಿಲಿಗೆ ಸರಿಯಾಗಿ ತಾಗಿದೆಯಾ ನೋಡಬೇಕು, ಅಷ್ಟೇ.

ಎಲ್ಲ ಬಿಗಿದು, ಚಕ್ರ ಹಾಕಿ, ಕೆಳಗಿಳಿಸಿ, ತೋಟದ ದಾರಿಯಲ್ಲಿ ಒಂದು ಸುತ್ತು ಹೋದೆ. ಮನಸ್ಸಿಗೆ ಪಿಚ್ಚೆನಿಸಿತು. ಕಟ್ ಕಟ್ ಸದ್ದು ಹೋಗಿತ್ತು, ನಿಜ. ಆದರೆ ಹಿಂಭಾಗ ಎತ್ತಿನ ಗಾಡಿಯ ಹಾಗೆ ಗಡುಸಾಗಿತ್ತು. ಸಣ್ಣ ಕಲ್ಲಿಗೂ ಕುಪ್ಪಳಿಸುತ್ತಿತ್ತು. ಬರೆದಿಟ್ಟ ಕಾಗದ ತೆಗೆದು ಮತ್ತೆ ಅಳೆದೆ. ಹೊಸ ಸ್ಪ್ರಿಂಗ್ ಎಂದು ಸ್ವಲ್ಪ ಎತ್ತರ ಬರುವುದು ಸರಿ. ಆದರೆ ಬಲಗಡೆಯ ಚೆನ್ನಾಗಿದ್ದ ಬದಿಗಿಂತಲೂ 25 ಮಿಲಿಮೀಟರ್ ಎತ್ತರ ನಿಂತಿತ್ತು. ಇಬ್ಬರು ಹಿಂದೆ ಕೂತು ಎದ್ದರೂ ಇಳಿಯಲಿಲ್ಲ.

ತಪ್ಪು ನನ್ನದೇ. ಈ ಬುಷ್‌ನಲ್ಲಿ ರಬ್ಬರ್ ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡಿರುತ್ತದೆ. ಬಾಗಿಲ ತಿರುಗಣೆಯ ಹಾಗೆ ಅದು ತಿರುಗುವುದಿಲ್ಲ, ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ನಾನು ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬೋಲ್ಟು ಪೂರ್ತಿ ಬಿಗಿದಿದ್ದೆ. ಒಳಗಿನ ಕೊಳವೆ ಆ ಸ್ಥಿತಿಯಲ್ಲೇ ಕಚ್ಚಿಕೊಂಡಿತು. ಕಾರು ನೆಲಕ್ಕೆ ಬಂದಾಗ ರಬ್ಬರ್ ಆಗಲೇ ತಿರುಚಿಕೊಂಡಿತ್ತು, ಸ್ಪ್ರಿಂಗಿನ ಜೊತೆ ಸೇರಿ ಅದೂ ಬಾಡಿಯನ್ನು ಮೇಲೆ ತಳ್ಳುತ್ತಿತ್ತು. ಹೀಗೇ ಬಿಟ್ಟರೆ ಹೊಸ ಬುಷ್ ಬೇಗ ಹರಿಯುತ್ತದೆ.

ಗ್ಯಾರೇಜಿನ ಗುಂಡಿಯ ಮೇಲೆ ಕಾರು ನಿಲ್ಲಿಸಿದೆವು. ನಾಲ್ಕೂ ಚಕ್ರ ನೆಲದ ಮೇಲೆ, ಕಾರಿನ ಭಾರ ಪೂರ್ತಿ ಚಕ್ರದ ಮೇಲೆ. ಟ್ರೇಲಿಂಗ್ ಆರ್ಮ್, ಲ್ಯಾಟರಲ್ ರಾಡ್, ಮುಂದಿನ ಲೋವರ್ ಆರ್ಮ್, ಎಲ್ಲ ಬೋಲ್ಟು ಅರ್ಧ ಸುತ್ತು ಸಡಿಲಿಸಿದೆ. ಎಡಗಡೆಯದನ್ನು ಸಡಿಲಿಸಿದ ಕೂಡಲೇ "ಟಕ್" ಎಂದು ಕಾರು ಕೂತಿತು. ಆ ಸದ್ದು ಕೇಳಿದಾಗ ಆದ ಸಮಾಧಾನ ದೊಡ್ಡದು. ಬಂಪರ್ ಹಿಡಿದು ಮೂರ್ನಾಲ್ಕು ಸಲ ಕುಲುಕಿ, ಅದೇ ಎತ್ತರದಲ್ಲಿ ಎಲ್ಲವನ್ನೂ ಬಿಗಿದೆವು. ಸ್ಟೆಬಿಲೈಸರ್ ತುದಿಯ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿದೆವು. ಹಳೇ ಪಿನ್ ಬಗ್ಗಿಸಿ ಮತ್ತೆ ಹಾಕಬಾರದು. ಮತ್ತೆ ಅಳೆದಾಗ ಎಡ ಬಲಕ್ಕೆ 3 ಮಿಲಿಮೀಟರ್ ವ್ಯತ್ಯಾಸ ಮಾತ್ರ ಉಳಿದಿತ್ತು.

ಟೈರಿನ ಅಳತೆ ಅದೇ 145/70 ಆರ್12. ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ನನ್ನದರಲ್ಲಿ ಏಳು ವರ್ಷ ಹಿಂದಿನ ತಾರೀಕು ಇತ್ತು. ಮೇಲಿನ ಅಚ್ಚು ಇನ್ನೂ ಸವೆಯದಿದ್ದರೂ ರಬ್ಬರ್ ಉಗುರಿಗೆ ಒತ್ತದಷ್ಟು ಗಟ್ಟಿಯಾಗಿತ್ತು. ನಾಲ್ಕೂ ಬದಲಾಯಿಸಿದೆ. ಅಲೈನ್‌ಮೆಂಟ್ ಎರಡು ಸಲ ಮಾಡಿಸಬೇಕಾಯಿತು. ಮೊದಲ ಕಡೆ ಸ್ಟೇರಿಂಗ್ ಚಕ್ರ ನೇರ ಮಾಡಿ ದುಡ್ಡು ತೆಗೆದುಕೊಂಡರು, ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ನೋಡಲೇ ಇಲ್ಲ. ಎರಡನೇ ಕಡೆ ಗಾಳಿ ಸರಿ ಮಾಡಿ, ಮುಂದೆ ಒಬ್ಬರನ್ನು ಕೂರಿಸಿ, ಚಕ್ರ ತಿರುಗಿಸುವ ಟೈ ರಾಡ್ ಎರಡೂ ಬದಿ ಸಮವಾಗಿ ತಿರುಗಿಸಿ ಮಾಡಿದರು. ಬಿಚ್ಚಿ ಜೋಡಿಸಿದ ಕೂಡಲೇ ಮಾಡಿಸಬೇಡಿ. ನೂರಿನ್ನೂರು ಕಿಲೋಮೀಟರ್ ಓಡಿ ಎಲ್ಲ ಕೂತ ಮೇಲೆ ಮಾಡಿಸಿ.

ಮೇ ಮೊದಲ ವಾರ ಆಯಿಯನ್ನು ಹಿಂದೆ ಕೂರಿಸಿಕೊಂಡು ಕುಮಟೆಗೆ ಹೊರಟೆ. ದೇವಿಮನೆಯಲ್ಲಿ ಕೈ ಮುಗಿದು ಘಟ್ಟ ಇಳಿಯಲು ಶುರು ಮಾಡಿದೆ. ಮೊದಲ ಎಡ ತಿರುವಿನಲ್ಲಿ ಆ ಎರಡನೇ ದೂಡುವಿಕೆಗೆ ಮೈ ತಾನಾಗಿ ಸಜ್ಜಾಗಿತ್ತು. ಅದು ಬರಲಿಲ್ಲ. ಕಾರು ಈಗಲೂ ವಾಲುತ್ತದೆ, ಎತ್ತರದ ಸಣ್ಣ ಕಾರು ವಾಲದೇ ಇರುವುದಿಲ್ಲ. ಆದರೆ ಒಂದೇ ಸಲ ವಾಲಿ ಅಲ್ಲೇ ನಿಲ್ಲುತ್ತದೆ. ತಿರುವು ಮುಗಿದಾಗ ಸ್ಟೇರಿಂಗ್ ಅಂಗೈಯೊಳಗೆ ಜಾರುತ್ತ ನೇರಕ್ಕೆ ಬಂತು. ಒಂದು ಕಡೆ ಎದುರು ಬಸ್ಸು ಬಂದು ತಿರುವಿನ ನಡುವೆಯೇ ಬ್ರೇಕ್ ಒತ್ತಬೇಕಾಯಿತು. ಕಾರು ಎಳೆಯಲಿಲ್ಲ, ಹಿಡಿದ ಗೆರೆಯಲ್ಲೇ ನಿಂತಿತು. ಇಷ್ಟಕ್ಕೂ ನನ್ನ ವೇಗ 40ರ ಒಳಗೇ ಇತ್ತು. ಜಾಸ್ತಿ ಓಡಿಸಲಿ ಎಂದು ಮಾಡಿದ ಕೆಲಸ ಅಲ್ಲ ಇದು.

ಕತಗಾಲದ ಹತ್ತಿರ ಹಿಂದಿನಿಂದ ಆಯಿಯ ದನಿ ಬಂತು. "ಏ ತಮಾ, ಕತಗಾಲ ಆಗ್ಲೇ ಬಂದೋತನೋ?" ನಿಂಬೆಹಣ್ಣು ಮಡಿಲಲ್ಲೇ ಇತ್ತು. ಸಂಜೆ ವಾಪಸು ಹತ್ತುವಾಗ ಮಾತ್ರ ಒಮ್ಮೆ ಮೂಸಿದಳಂತೆ.

ಐದುನೂರು ಕಿಲೋಮೀಟರ್ ಆದಾಗ ಎಲ್ಲ ನಟ್ಟು ಮತ್ತೊಮ್ಮೆ ನೋಡಿದೆ. ಬಲಗಡೆ ಶಾಕಪ್‌ನ ಕೆಳಗಿನ ನಟ್ಟು ಕಾಲು ಸುತ್ತು ತೆಗೆದುಕೊಂಡಿತು, ಉಳಿದದ್ದೆಲ್ಲ ಗಟ್ಟಿ. ಈಗ ಸಾವಿರದ ಎಂಟುನೂರು ಕಿಲೋಮೀಟರ್ ಆಗಿದೆ. ಸ್ಟೇರಿಂಗ್ ನಡುವಿನಲ್ಲಿ ಬೆರಳಗಲ ಸಡಿಲ ಇನ್ನೂ ಇದೆ. ಅದು ಸಸ್ಪೆನ್ಶನ್ನಿನದ್ದಲ್ಲ, ಸ್ಟೇರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ರ‍್ಯಾಕ್‌ನದ್ದು. ಮಳೆ ಮುಗಿದ ಮೇಲೆ ಅದನ್ನು ಬಿಚ್ಚಬೇಕು. ಕೊಯ್ದ ಬೋಲ್ಟಿನ ತುಂಡು ಗ್ಯಾರೇಜಿನ ಗೋಡೆಯ ಮೊಳೆಗೆ ನೇತು ಹಾಕಿದ್ದೇನೆ. ಕಾರವಾರದ ಕಡೆಯ ಕಾರು ನೋಡಲು ಹೋಗುವವರಿಗೆ ಮೆಕ್ಯಾನಿಕ್ ಅಣ್ಣ ಮೊದಲು ಅದನ್ನೇ ತೋರಿಸುತ್ತಾರೆ.